ಭೂಬಳಕೆ ಬದಲಾವಣೆ: ತಕರಾರಿಗೆ 15 ದಿನ

ಬೀದಿಯಲ್ಲಿ ಗೋದಾಮು ಎದ್ದ ಮೇಲೆ ‘ನಮ್ಗೆ ಯಾರೂ ಹೇಳ್ಲೇ ಇಲ್ಲ’ ಅನ್ನುವುದು ಜನರ ಮಾಮೂಲು ದೂರು. ‘ಪೇಪರಲ್ಲಿ ಹಾಕಿದ್ವಲ್ಲ ಸ್ವಾಮಿ’ ಅನ್ನುವುದು ಕಚೇರಿಯ ಮಾಮೂಲು ಜವಾಬು. ಎರಡೂ ನಿಜವೇ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮಿನ ಪ್ರಕಾರ, ‘ವಸತಿ’ ಎಂದಿರುವ ಜಾಗವನ್ನು ‘ವಾಣಿಜ್ಯ’ ಮಾಡುವುದಾದರೆ ಅದು ಸಾರ್ವಜನಿಕ ಹಿತಕ್ಕಾಗಿರಬೇಕು, ಸರ್ಕಾರದ ಪೂರ್ವಾನುಮತಿ ಬೇಕು, ಆ ಭಾಗದ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಪಕ್ಕದ ಮನೆಗೆ ಚೀಟಿ ಕಳಿಸಬೇಕೆಂದು ಅದರಲ್ಲಿಲ್ಲ.

ತಮಾಷೆ ಇರುವುದು ಇಲ್ಲೇ. ಪ್ರಕಟಣೆಯಲ್ಲಿರುವುದು ಸರ್ವೆ ನಂಬರು, ಎಕರೆ-ಗುಂಟೆ. ಜನಕ್ಕೆ ಗೊತ್ತಿರುವುದು ‘ಅಕ್ಕಿ ಗಿರಣಿ ಹಿಂದುಗಡೆ’. ಎರಡಕ್ಕೂ ತಾಳೆ ಹಾಕುವಷ್ಟರಲ್ಲಿ ವಾಯಿದೆ ಮುಗಿದಿರುತ್ತೆ. ಆಮೇಲೆ ಅಂಗಡಿ ಬಾಡಿಗೆ ಏರಿದರೂ, ಲಾರಿ ಅಡ್ಡ ನಿಂತು ಬಸ್ಸು ತಿರುಗದಿದ್ದರೂ ಕೇಳುವವರಿಲ್ಲ.

ಎಲ್ಲವನ್ನೂ ತಡೀಬೇಕಂತಲ್ಲ, ಹೊಸ ಮಳಿಗೆ ಬಂದರೆ ವ್ಯಾಪಾರವೂ ಬಂದೀತು. ಆದರೆ ತಿಳಿದು ಒಪ್ಪುವುದು ಬೇರೆ, ತಿಳಿಯದೆ ಸುಮ್ಮನಿರುವುದು ಬೇರೆ. ಪ್ರಕಟಣೆ ಬಂದ ದಿನವೇ ಕತ್ತರಿಸಿ, ಜಾಗದ ಗುರುತನ್ನು ದಪ್ಪಕ್ಷರದಲ್ಲಿ ಬರೆದು, ಕಿರಾಣಿ ಅಂಗಡಿ ಮುಂದೆ ಅಂಟಿಸಿದರೆ ಬೀದಿಗೆಲ್ಲ ಸುದ್ದಿ ಮುಟ್ಟುತ್ತೆ. ಆಕ್ಷೇಪಣೆ ಬರಹದಲ್ಲಿರಲಿ, ನಕಲಿನ ಮೇಲೆ ಕಚೇರಿಯ ಮೊಹರು ಬೀಳಲಿ. ಬಾಯಿಮಾತಿನ ತಕರಾರು ಫೈಲಿಗೆ ಹತ್ತೋದಿಲ್ಲ.