ಮಣ್ಣಿನ ಬಿಟ್ಟಿ ಚಾಕರಿ

ಎಣ್ಣೆ ಚೆಲ್ಲುವವರು ಒಬ್ಬರು, ಬಾಚುವವರು ಇನ್ನೊಬ್ಬರು. 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದು ಸಮುದ್ರಕ್ಕೆ ಎಣ್ಣೆ ಹರಿದಾಗ, ಮೀನುಗಾರರೂ ವಿದ್ಯಾರ್ಥಿಗಳೂ ಬಕೆಟ್ಟು ಹಿಡಿದು ಅದನ್ನು ಮೊಗೆದುದನ್ನು ದೇಶವೇ ಕಂಡಿತು. ಮೊಗೆದ ಕೆಸರನ್ನು ಕೊನೆಗೆ ಒಪ್ಪಿಸಿದ್ದು ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳ ವಶಕ್ಕೆ.

ಇವುಗಳ ಕೆಲಸ ನಮ್ಮ ರೈತರಿಗೆ ತಿಳಿಯದ ಮಾಯೆಯೇನಲ್ಲ. ತಿಪ್ಪೆಯ ಕಸವನ್ನು ಗೊಬ್ಬರ ಮಾಡುವ ಬಳಗದವೇ ಇವು. ಎಣ್ಣೆಯಲ್ಲಿ ಇವಕ್ಕೆ ಬೇಕಾದ ಇಂಗಾಲ ಧಾರಾಳವಾಗಿದೆ. ಸಾರಜನಕ, ರಂಜಕಗಳು ಸಾಲವು. ಆದುದರಿಂದ ಎಣ್ಣೆ ಬಿದ್ದ ನೆಲಕ್ಕೆ ಗೊಬ್ಬರ ಕೊಟ್ಟು, ತೇವ ಕಾದು, ಗಾಳಿಯಾಡುವಂತೆ ಉಳಬೇಕು. ಆಗ ಅವು ಎಣ್ಣೆಯನ್ನು ಉಂಡು, ನೀರು ಮತ್ತು ಇಂಗಾಲಾಮ್ಲ ವಾಯುವನ್ನಾಗಿ ಮಾಡಿಬಿಡುತ್ತವೆ. ಡೀಸೆಲ್ಲಿನಂತಹ ಹಗುರ ಎಣ್ಣೆ ಬೇಗ ಕರಗೀತು. ಡಾಂಬರಿನಂತಹ ಭಾರದ ಅಂಶ ವರ್ಷಗಟ್ಟಲೆ ಉಳಿದೀತು. ಸೀಸದಂತಹ ಲೋಹವನ್ನಂತೂ ಅವು ಜೀರ್ಣಿಸಲಾರವು.

ಈ ಕೂಲಿಯಿಲ್ಲದ ದುಡಿಮೆಗಾರರ ಮೇಲೂ ಬಂಡವಾಳದ ಕಣ್ಣು ಬಿತ್ತು. ವಿಜ್ಞಾನಿ ಆನಂದಮೋಹನ ಚಕ್ರವರ್ತಿಯವರು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ರೂಪಿಸಿದ ಎಣ್ಣೆ ತಿನ್ನುವ ಜೀವಿಗೆ ಪೇಟೆಂಟು ಸಲ್ಲುವುದೆಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಪರ, ನಾಲ್ವರು ವಿರುದ್ಧ. ಜೀವವೂ ಸರಕಾಯಿತು! ಆದರೆ 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಅಲಾಸ್ಕಾದ ಕಡಲಿಗೆ ಸುಮಾರು 4 ಕೋಟಿ ಲೀಟರು ಕಚ್ಚಾ ಎಣ್ಣೆ ಸುರಿದಾಗ ದುಡಿದುದು ಆ ಪೇಟೆಂಟಿನ ಜೀವಿಯಲ್ಲ. ಆ ದಂಡೆಯಲ್ಲೇ ಹುಟ್ಟಿದ, ಯಾರ ಒಡೆತನಕ್ಕೂ ಸೇರದ ಜೀವಿಗಳು. ಅವಕ್ಕೆ ಕೊಟ್ಟದ್ದು ಬರೀ ಗೊಬ್ಬರ. ಅಷ್ಟಾದರೂ ಗಾಳಿ ಇಳಿಯದ ಕಲ್ಲುಸಂದುಗಳಲ್ಲಿ ಇಪ್ಪತ್ತು ವರ್ಷಗಳ ಮೇಲೂ ಎಣ್ಣೆ ಹಾಗೆಯೇ ಉಳಿದಿತ್ತು.

ನಾವು ವಿಜ್ಞಾನವನ್ನು ಜರೆಯುವವರಲ್ಲ. ಆದರೆ, "ಮಣ್ಣು ತಾನೇ ಶುಚಿಯಾಗುತ್ತದೆ" ಎಂಬ ಮಾತು ಚೆಲ್ಲಿದವರ ಕೈಗೆ ರಹದಾರಿಯಾಗುವುದನ್ನು ನಾವು ಒಪ್ಪಲಾರೆವು. ಮಲಿನ ಮಾಡಿದವನೇ ವೆಚ್ಚ ತೆರಬೇಕೆಂಬ ತತ್ತ್ವ ಈ ನೆಲದ ಕಾನೂನೆಂದು ನಮ್ಮ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಹಾಗಿರುವಾಗ ಗೊಬ್ಬರದ, ಉಳುಮೆಯ, ಮಣ್ಣು ಪರೀಕ್ಷೆಯ ಖರ್ಚು ಚೆಲ್ಲಿದವರ ತಲೆಯ ಮೇಲಿರಲಿ. ಬಾಚಿದ ಕೈಗಳಿಗೆ ಕೂಲಿಯೂ ಕೈಗವಸೂ ಸಿಗಲಿ. ಪರೀಕ್ಷೆಯ ಫಲಿತಾಂಶವನ್ನು ಆ ಊರಿನ ಪಂಚಾಯಿತಿಯ ಗೋಡೆಗೆ ಅಂಟಿಸಲಿ.

ಮನುಷ್ಯರಿಂದ ಬಿಟ್ಟಿ ಮಾಡಿಸುವುದು ಅಪರಾಧವೆಂದು ಒಪ್ಪಿದ್ದೇವೆ. ಮಣ್ಣಿನಿಂದ ಮಾಡಿಸಿ ಲಾಭವೆಣಿಸುವುದು ಮಾತ್ರ ಜಾಣತನವೇ?