ಮಂತ್ರದ ದಾರವೂ ಮನುಷ್ಯನ ಪ್ರಾಣವೂ

ಸಾರ್ವಜನಿಕ ಜೀವನದಲ್ಲಿ ಧರ್ಮಶ್ರದ್ಧೆಗೆ ಎಷ್ಟು ಎಡೆಯಿರಬೇಕು, ಮಾಟಮಂತ್ರಗಳ ಹೆಸರಿನಿಂದ ನಡೆಯುವ ವ್ಯವಹಾರಕ್ಕೆ ಎಲ್ಲಿ ಗೆರೆಯೆಳೆಯಬೇಕು ಎಂಬ ವಾದವು ನಮ್ಮ ನಾಡಿನಲ್ಲಿ ಇಂದು ನಿನ್ನೆಯದಲ್ಲ. ವಾದವೆದ್ದಾಗಲೆಲ್ಲ ಎರಡು ಪಂಗಡದವರು ಎದುರುಬದುರಾಗಿ ನಿಂತು ಒಬ್ಬರನ್ನೊಬ್ಬರು ಜರೆಯುವದೇ ರೂಢಿಯಾಗಿದೆ. ದೇವರನ್ನು ನಂಬುವವರೆಲ್ಲ ಮೂಢರೆಂದು ಒಬ್ಬರ ಕೂಗು. ಮೋಸಗಾರನ ಕೈ ಹಿಡಿದರೂ ಧರ್ಮಕ್ಕೇ ಧಕ್ಕೆ ಬಂತೆಂದು ಇನ್ನೊಬ್ಬರ ಕೂಗು. ಈ ಗದ್ದಲದಲ್ಲಿ ಗದ್ದೆಯ ಬದುವಿನ ಮೇಲೆ ಹಾವು ಕಡಿದು ಬಿದ್ದಿರುವ ಕೂಲಿಯವನನ್ನು ಕೇಳುವವರಾರು? ನಾವು ಅವನ ಪಕ್ಷವನ್ನು ವಹಿಸಿ ಕೆಲವು ಮಾತುಗಳನ್ನು ಬರೆಯುವೆವು.

ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದ ಮೇಲೆ ಸಿಂಧನೂರ ಸೀಮೆಯು ಭತ್ತದ ಕಣಜವಾಯಿತು. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಬರಿಗಾಲಿನಲ್ಲಿ ಗದ್ದೆಗಿಳಿಯುವ ಹೆಂಗಸರು ಗಂಡಸರಿಗೆ ಅದರ ಭಯ ತಪ್ಪಿದ್ದಲ್ಲ. ಕಡಿತವಾದೊಡನೆ ಮಂತ್ರ ಹಾಕುವವನ ಮನೆಯ ಕಡೆಗೆ ಓಡುವ ವಾಡಿಕೆಯು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಅವನು ದಾರ ಕಟ್ಟುವನು, ಬೇವಿನ ಸೊಪ್ಪಿನಿಂದ ನಿವಾಳಿಸುವನು. ಎಷ್ಟೋ ಸಲ ರೋಗಿಯು ಎದ್ದು ಮನೆಗೆ ನಡೆದುಹೋಗುವದೂ ಉಂಟು. ಮಂತ್ರದ ಕೀರ್ತಿಯು ಬೆಳೆದದ್ದು ಹೀಗೆಯೇ. ಆದರೆ ಇದರ ಒಳಗುಟ್ಟು ಬೇರೆಯೇ ಇದೆ. ಕೇರೆಹಾವಿಗೂ ನೀರುಹಾವಿಗೂ ವಿಷವೇ ಇಲ್ಲ. ನಾಗರಹಾವು ಕೂಡ ಒಮ್ಮೊಮ್ಮೆ ವಿಷವಿಳಿಸದೆ ಬರಿದೆ ಕಚ್ಚಿ ಬಿಡುತ್ತದೆ. ಅಂಥ ಕಡಿತಕ್ಕೆ ದಾರ ಕಟ್ಟಿದರೂ ಒಂದೇ, ಕಟ್ಟದಿದ್ದರೂ ಒಂದೇ. ನಿಜವಾಗಿ ವಿಷವೇರಿದವನು ಸತ್ತರೆ ತರಲು ತಡವಾಯಿತೆಂದೋ, ಗ್ರಹಗತಿ ಕೆಟ್ಟಿತ್ತೆಂದೋ ಹೇಳಿ ಮುಗಿಸುವರು. ಗೆದ್ದರೆ ಮಂತ್ರದ್ದು, ಸೋತರೆ ಹಣೆಯಬರಹದ್ದು; ಇಂಥ ಲೆಕ್ಕದಲ್ಲಿ ಯಾವ ಮಂತ್ರವಾದಿಯಾದರೂ ಸೋಲುವದೆಂತು? ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳೆಂಬ ನಾಲ್ಕು ಹಾವುಗಳ ವಿಷಕ್ಕೂ ಒಂದೇ ಮದ್ದಿದೆ. ಕುದುರೆಗೆ ಸ್ವಲ್ಪಸ್ವಲ್ಪವಾಗಿ ವಿಷವನ್ನು ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ನಿರೋಧಕಾಂಶದಿಂದ ಮಾಡಿದ ಪ್ರತಿವಿಷವದು. ಅದು ಆಸ್ಪತ್ರೆಯಲ್ಲಿ ದೊರೆಯುವದು. ಅದನ್ನು ಬೇಗನೆ ಕೊಡಬೇಕು. ಮಂತ್ರದ ಮನೆಯಲ್ಲಿ ಕಳೆದ ಒಂದೊಂದು ಗಳಿಗೆಯೂ ಆ ಮದ್ದಿನ ಗುಣವನ್ನು ಕುಂದಿಸುತ್ತದೆ. ೨೦೨೪ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತದ ಪ್ರತಿಯೊಂದು ಪ್ರಸಂಗವನ್ನೂ ಆಸ್ಪತ್ರೆಗಳು ವರದಿ ಮಾಡತಕ್ಕದ್ದೆಂದು ವಿಧಿಸಿದ್ದು ಯೋಗ್ಯವೇ ಸರಿ. ಆದರೆ ಆಸ್ಪತ್ರೆಯ ಮೆಟ್ಟಲನ್ನೇ ಹತ್ತದವನ ಲೆಕ್ಕವು ಆ ವರದಿಯಲ್ಲಿ ಬರುವದೆಲ್ಲಿಂದ?

ಕಾಯಿದೆಯು ಈ ವಿಷಯದಲ್ಲಿ ಸುಮ್ಮನಿಲ್ಲ. ೨೦೧೭ರ ನವೆಂಬರದಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆಯ ಅಂಗೀಕಾರವನ್ನು ಪಡೆದು ೨೦೨೦ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟಪದ್ಧತಿಗಳ ಹಾಗೂ ವಾಮಾಚಾರದ ಪ್ರತಿಬಂಧಕ ಕಾಯಿದೆಯು, ಹಾವು, ಚೇಳು, ನಾಯಿಗಳು ಕಡಿದವರನ್ನು ವೈದ್ಯನ ಬಳಿಗೆ ಹೋಗಗೊಡದೆ ಮಂತ್ರದಾರಗಳಿಂದ ಉಪಚರಿಸುವದನ್ನು ಅಪರಾಧವೆಂದು ಸಾರಿದೆ. ದೆವ್ವ ಬಿಡಿಸುವೆವೆಂದು ಹೊಡೆಯುವದು, ನಿಧಿಯ ಆಸೆಗೆ ವಾಮಾಚಾರ ನಡೆಸುವದು, ಬೆತ್ತಲೆಸೇವೆ, ಎಂಜಲೆಲೆಯ ಮೇಲೆ ಉರುಳಿಸುವದು ಇವೆಲ್ಲವೂ ಅದರ ಪಟ್ಟಿಯಲ್ಲಿವೆ. ಶಿಕ್ಷೆಯು ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದ ವರೆಗೆ ಸೆರೆವಾಸ. ಮೇಲೆ ೫,೦೦೦ದಿಂದ ೫೦,೦೦೦ ರೂಪಾಯಿಗಳ ದಂಡ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗಳನ್ನು ಕಾಯಿದೆಯು ಮುಟ್ಟಿಲ್ಲ. ಜ್ಯೋತಿಷ್ಯವನ್ನು ಕೂಡ ಬಿಟ್ಟಿದೆ. ಇದನ್ನು ಅಂಜುಬುರುಕತನವೆಂದು ಹಳಿದವರಿದ್ದಾರೆ. ನಾವು ಹಾಗೆ ತಿಳಿಯುವದಿಲ್ಲ. ನಂಬಿಕೆಯು ಸತ್ಯವೋ ಸುಳ್ಳೋ ಎಂಬದನ್ನು ತೀರ್ಮಾನಿಸುವದು ಪೋಲೀಸರ ಕೆಲಸವಲ್ಲ. ಆ ನಂಬಿಕೆಯು ಇನ್ನೊಬ್ಬರ ಮೈಗೂ ಮಾನಕ್ಕೂ ಮಾಡುವ ಗಾಯವನ್ನು ತಡೆಯುವದು ಮಾತ್ರ ಅವರ ಕೆಲಸ. ಸಂವಿಧಾನದ ೨೫ನೆಯ ಅನುಚ್ಛೇದವು ಧರ್ಮಸ್ವಾತಂತ್ರ್ಯವನ್ನು ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಅದು ಒಳಪಟ್ಟಿರತಕ್ಕದ್ದೆಂದು ಹೇಳಿರುವದನ್ನು ನಮ್ಮ ಧರ್ಮಾಭಿಮಾನಿಗಳು ನೆನೆಯಬೇಕು.

ಇದೆಲ್ಲ ಪಶ್ಚಿಮದಿಂದ ತಂದ ವಿಚಾರವೆನ್ನುವವರು ಮಸ್ಕಿಯ ವರೆಗೆ ಬರಲಿ. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬವನು ಅಲ್ಲಿಯ ಬೆಟ್ಟದಲ್ಲಿ ಕಂಡ ಬಂಡೆಯಲ್ಲಿ, ಅದುವರೆಗೆ ದೇವಾನಾಂಪ್ರಿಯನೆಂದಷ್ಟೇ ತಿಳಿದಿದ್ದ ರಾಜನ ಹೆಸರು ಅಶೋಕನೆಂಬದಾಗಿ ದೊರೆಯಿತು. ಇದನ್ನು ನಮ್ಮ ಉಪಾಧ್ಯಾಯ ಬಂಧುಗಳು ಮಕ್ಕಳಿಗೆ ಕಲಿಸುತ್ತಲೇ ಇದ್ದಾರೆ. ಆದರೆ ಹೆಸರನ್ನು ಕಲಿಸಿ ಮಾತನ್ನು ಬಿಡುವದು ಸರಿಯೇ? ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಿರತನಾದ ಸಾಮಾನ್ಯನಿಗೂ ಆ ಫಲವು ಸಾಧ್ಯವೆಂದು ಆ ಬಂಡೆಯು ಹೇಳುತ್ತದೆ. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳಲ್ಲಿರುವ ಒಂಬತ್ತನೆಯ ಶಾಸನವು ಇನ್ನೂ ಸ್ಪಷ್ಟವಾಗಿದೆ. ಜನರು ಕಾಯಿಲೆಯಲ್ಲಿ, ಮದುವೆಯಲ್ಲಿ, ಪ್ರಯಾಣದಲ್ಲಿ ನಡೆಸುವ ಬಹುವಿಧದ ಮಂಗಳಾಚರಣೆಗಳು ಅಲ್ಪಫಲದವು, ಆಳುಗಳನ್ನೂ ಸೇವಕರನ್ನೂ ಚೆನ್ನಾಗಿ ನಡೆಸಿಕೊಳ್ಳುವದೂ ಪ್ರಾಣಿಗಳಲ್ಲಿ ಸಂಯಮವೂ ನಿಜವಾದ ಮಂಗಳವೆಂದು ಅರಸನು ಪ್ರಜೆಗಳಿಗೆ ತಿಳಿಸುತ್ತಾನೆ. ಗಮನಿಸಿರಿ, ಅವನು ಆ ಆಚರಣೆಗಳನ್ನು ನಿಷೇಧಿಸಲಿಲ್ಲ. ಇನ್ನು ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ, ೧೯೮೬ರಲ್ಲಿ ಕಾಳಿಯ ಗುಡಿಯ ಮಾಳಿಗೆಯು ಕುಸಿದ ತರುವಾಯ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆಯೇ ಅಶೋಕನ ಲಿಪಿಯು ಕಂಡಿತು. ಅದರಲ್ಲಿದ್ದ ಹನ್ನೆರಡನೆಯ ಶಾಸನವು, ತನ್ನ ಪಂಥವನ್ನು ಹೊಗಳುವಾಗಲೂ ಪರರ ಪಂಥವನ್ನು ತೆಗಳುವಾಗಲೂ ನಾಲಿಗೆಯಲ್ಲಿ ಹಿಡಿತವಿರಲೆಂದು ಬೋಧಿಸುತ್ತದೆ. ವಿಚಾರವಾದಿಗಳೆನಿಸಿಕೊಳ್ಳುವ ನಮ್ಮ ತರುಣ ಮಿತ್ರರಿಗೂ ಈ ಬೋಧೆಯು ಬೇಕಾಗಿದೆ. ಮುದಗಲ್ಲದ ಮೊಹರಮ್ಮಿನಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿ ಹೆಜ್ಜೆ ಹಾಕುವದನ್ನು ನೋಡಿದವರಿಗೆ, ಶ್ರದ್ಧೆಯು ಜನರನ್ನು ಒಡೆಯುವದಷ್ಟೇ ಅಲ್ಲ, ಕೂಡಿಸುವದೂ ಉಂಟೆಂದು ಬೇರೆ ಹೇಳಬೇಕಾಗಿಲ್ಲ.

ಹಟ್ಟಿಯವರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಹೈದರಾಬಾದಿನ ಹೆಸರಿನಿಂದ ೧೯೪೭ರಲ್ಲಿ ಹುಟ್ಟಿ, ೧೯೫೬ರ ಏಕೀಕರಣದ ತರುವಾಯ ಹಟ್ಟಿಯ ಹೆಸರನ್ನು ತಳೆದ ಚಿನ್ನದ ಕಂಪನಿಯು ಇಂದಿಗೂ ನಾಡಿನ ಹೆಮ್ಮೆಯಾಗಿದೆ. ಪ್ರಾಚೀನರು ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಬಿರಿಸಿ, ೬೦೦ ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರೆಂಬದಕ್ಕೆ ಅಲ್ಲಿ ಕುರುಹುಗಳಿವೆ. ಒಂದು ಟನ್ನು ಕಲ್ಲನ್ನು ಪುಡಿಮಾಡಿದರೆ ಕೆಲವೇ ಗ್ರಾಂ ಬಂಗಾರ. ಭೂಮಿಯು ಬಂಗಾರವನ್ನು ಕೊಡುವ ರೀತಿ ಇದು. ಆದರೂ ಅಮಾವಾಸ್ಯೆಯ ರಾತ್ರಿ ಲಿಂಬೆಹಣ್ಣು ಕುಂಕುಮಗಳನ್ನು ಹಿಡಿದು ಪಾಳುಗುಡಿಯ ಗರ್ಭಗೃಹವನ್ನು ಅಗೆಯುವ ನಿಧಿಗಳ್ಳರು ಕರ್ನಾಟಕದಲ್ಲಿ ಕಡಿಮೆಯಾಗಿಲ್ಲ. ಅವರಿಗೆ ಬಂಗಾರವು ಸಿಗುವದಿಲ್ಲ; ಒಡೆದ ಲಿಂಗ, ಸೀಳಿದ ಶಾಸನ, ಉರುಳಿದ ನಂದಿಗಳನ್ನು ಹಿಂದೆ ಬಿಟ್ಟು ಹೋಗುವರು. ಕನ್ನಡದ ಇತಿಹಾಸವು ಕಲ್ಲಿನಲ್ಲಿದೆಯೆಂದು ಭಾಷಣ ಮಾಡುವ ನಾವು ಈ ಕಲ್ಲುಗಳ ನಾಶವನ್ನು ನಂಬಿಕೆಯ ಪ್ರಶ್ನೆಯೆಂದು ಸಹಿಸಲಾಗದು. ಕಾಯಿದೆಯಂತೆ, ಸಿಕ್ಕ ನಿಧಿಯನ್ನು ಸರಕಾರದ ಅಧಿಕಾರಿಗಳಿಗೆ ತಿಳಿಸಬೇಕೆಂಬದೂ ಅವರಿಗೆ ತಿಳಿದಿರಲಿ.

ವಿಚಾರದ ಮಾರ್ಗವನ್ನು ಹಿಡಿದವರು ಧರ್ಮದ್ವೇಷಿಗಳೆಂಬ ಅಪವಾದಕ್ಕೆ ಎಚ್. ನರಸಿಂಹಯ್ಯನವರ ಬಾಳೇ ಉತ್ತರವಾಗಿದೆ. ಗಾಂಧೀಮಾರ್ಗದ ಬ್ರಹ್ಮಚಾರಿ, ಖಾದಿಧಾರಿ, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಾಳಿದವರು. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಸತ್ಯಸಾಯಿಬಾಬಾ ಅವರಿಗೆ ವಿನಯದಿಂದಲೇ ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆಯು ಬರಲಿಲ್ಲ. ಅದೇ ವರ್ಷ ಸಂವಿಧಾನಕ್ಕಾದ ೪೨ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನೂ ಮಾನವತಾವಾದವನ್ನೂ ಜಿಜ್ಞಾಸೆಯನ್ನೂ ಬೆಳೆಸುವದು ಪ್ರತಿ ನಾಗರಿಕನ ಕರ್ತವ್ಯವೆಂದಿತು. ಆದರೆ ಪ್ರಶ್ನೆ ಕೇಳುವದು ಆ ಮೇಲೆಯೂ ಸುಲಭವಾಗಲಿಲ್ಲ. ಮೂಢನಂಬಿಕೆಯ ಮಸೂದೆಯ ಕುರಿತ ಸಭೆಯೊಂದರಲ್ಲಿ ೨೦೧೪ರಲ್ಲಿ ಎಂ. ಎಂ. ಕಲಬುರ್ಗಿಯವರು ಆಡಿದ ಮಾತು ದೊಡ್ಡ ವಿವಾದಕ್ಕೆ ಕಾರಣವಾಯಿತು. ಶಾಸನಗಳನ್ನೂ ವಚನಗಳನ್ನೂ ಓದುವದರಲ್ಲಿ ಜೀವ ಸವೆಸಿದ ಆ ವಿದ್ವಾಂಸರು ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಅವರ ಮಾತನ್ನು ಒಪ್ಪದವರಿಗೂ ಈ ಕೃತ್ಯವನ್ನು ಖಂಡಿಸುವ ಹೊಣೆಯಿತ್ತು. ಎಷ್ಟೋ ಮಂದಿ ಸುಶಿಕ್ಷಿತರು ಅಂದು ಮೌನ ತಾಳಿದ್ದು ನಮಗೆ ಇಂದಿಗೂ ಸಂಕಟವನ್ನುಂಟುಮಾಡುತ್ತದೆ.

ಸರಕಾರದ ನಡತೆಯೂ ಒಂದೇ ತೆರನಾಗಿಲ್ಲ. ಒಂದು ಕೈಯಿಂದ ಕಾಯಿದೆಯನ್ನು ಮಾಡಿದ ಸರಕಾರವು ೨೦೧೯ರ ಬರದಲ್ಲಿ ಮುಜರಾಯಿ ದೇವಾಲಯಗಳಿಗೆ ಪರ್ಜನ್ಯಹೋಮ ಮಾಡಿಸಲು ಆಜ್ಞೆಯಿತ್ತಿತು. ಭಕ್ತನು ಮಳೆಗಾಗಿ ಬೇಡಿಕೊಂಡರೆ ನಮ್ಮ ಆಕ್ಷೇಪವಿಲ್ಲ. ಕಚೇರಿಯ ಆಜ್ಞೆಯಿಂದ ನಡೆಯುವ ಹೋಮಕ್ಕೆ ಆಕ್ಷೇಪವಿದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯು ಪದವಿ ಕಳೆದುಕೊಳ್ಳುವನೆಂಬ ಭಯದಿಂದ ಇಡೀ ಜಿಲ್ಲೆಯೇ ನಾಡಿನ ಮುಖ್ಯಸ್ಥರ ಮುಖವನ್ನು ಕಾಣದೆ ವರ್ಷಗಳನ್ನು ಕಳೆದದ್ದೂ ಉಂಟು. ಸಿದ್ಧರಾಮಯ್ಯನವರು ತಮ್ಮ ಮೊದಲನೆಯ ಅವಧಿಯಲ್ಲಿ ಹಲವು ಸಲ ಅಲ್ಲಿಗೆ ಹೋದರು. ೨೦೧೮ರಲ್ಲಿ ಸೋತಾಗ ಶಾಪ ತಟ್ಟಿತೆಂದವರು, ಅವರು ೨೦೨೩ರಲ್ಲಿ ಮತ್ತೆ ಮುಖ್ಯಮಂತ್ರಿಯಾದಾಗ ಏನೆಂದರೋ ನಾವು ಕೇಳಲಿಲ್ಲ.

ಲಿಂಗಸುಗೂರು, ಸಿಂಧನೂರು, ಮಸ್ಕಿ ತಾಲ್ಲೂಕುಗಳ ಶಿಕ್ಷಕರಲ್ಲಿ ನಮ್ಮ ಬಿನ್ನಹವು ಸಣ್ಣದು. ಶಾಲೆಯ ಹೊರಗೋಡೆಯ ಮೇಲೆ ದೊಡ್ಡ ಅಕ್ಷರಗಳಿಂದ ಎರಡು ಸಾಲು ಬರೆಯಿಸಿರಿ: ಹಾವು ಕಡಿದರೆ ೧೦೮ಕ್ಕೆ ಕರೆಮಾಡಬೇಕು, ಪ್ರತಿವಿಷವಿರುವ ಹತ್ತಿರದ ಆಸ್ಪತ್ರೆಯು ಇಂಥದು. ಆ ಆಸ್ಪತ್ರೆಯಲ್ಲಿ ಮದ್ದು ನಿಜವಾಗಿ ಇದೆಯೋ ಇಲ್ಲವೋ ಎಂಬದನ್ನು ಮಳೆಗಾಲಕ್ಕೆ ಮುಂಚೆ ಊರ ಹಿರಿಯರೊಡನೆ ಹೋಗಿ ವಿಚಾರಿಸಿರಿ. ಇಲ್ಲವಾದರೆ ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಮಂತ್ರ ಹಾಕುವವನ ಮನೆಗೂ ಒಮ್ಮೆ ಹೋಗಿ ಬರುವದು ಒಳ್ಳೆಯದು. ಅವನನ್ನು ಬೈಯಬೇಕಾಗಿಲ್ಲ. ನಿನ್ನ ಬಾಗಿಲಿಗೆ ಬಂದವನನ್ನು ಮೊದಲು ಗಾಡಿ ಹತ್ತಿಸಿ ಕಳಿಸು, ಮಂತ್ರವನ್ನು ನಿನ್ನ ಮನೆಯಲ್ಲಿಯೇ ಕುಳಿತು ಜಪಿಸಿದರೂ ನಡೆದೀತು ಎಂದರೆ ಅವನು ಒಪ್ಪಿಯಾನು.