ಕಮ್ಮಾರನ ಮಗನ ಉತ್ತರಕಥೆ

ಧಾರಾವಾಹಿಯ ವಾಚಕನಿಗೆ ‘ಮುಂದುವರಿಯುವುದು’ ಎಂಬ ಮಾತು ಆಸೆಯೊಡನೆ ಅನುಮಾನವನ್ನೂ ಹುಟ್ಟಿಸುತ್ತದೆ. ಮೊದಲ ಭಾಗದ ಸೊಗಸು ಎರಡನೆಯದರಲ್ಲಿ ಉಳಿದೀತೆ? ಆಡುವವನೇ ಕಥಾನಾಯಕನ ಪಾತ್ರ ವಹಿಸುವ ವಿಡಿಯೋ ಗೇಮುಗಳಲ್ಲಿ ಈ ಅನುಮಾನ ಇನ್ನೂ ಹೆಚ್ಚು. ಅಲ್ಲಿ ತೆರಬೇಕಾದುದು ಹಣವೊಂದನ್ನೇ ಅಲ್ಲ, ಎಷ್ಟೋ ವಾರಗಳ ಸಂಜೆಗಳನ್ನು.

ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ ೨೦೧೮ರಲ್ಲಿ ಹೊರತಂದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಎಂಬ ಆಟದ ಕಥೆ ೧೪೦೩ರ ಬೊಹೀಮಿಯದ್ದು. ದೊರೆ ನಾಲ್ಕನೆಯ ವೆನ್ಸೆಸ್ಲಾಸನು ಮಲತಮ್ಮ ಸಿಗಿಸ್ಮಂಡನ ಸೆರೆಯಲ್ಲಿದ್ದಾನೆ. ಸಿಗಿಸ್ಮಂಡನ ಸೈನ್ಯವು ಸ್ಕಾಲಿಟ್ಸ್ ಎಂಬ ಊರನ್ನು ಹಾಳುಗೆಡವಿದಾಗ ಕಮ್ಮಾರನ ಮಗ ಹೆನ್ರಿ ತಾಯಿತಂದೆಗಳನ್ನು ಕಳೆದುಕೊಳ್ಳುತ್ತಾನೆ. ಅವನಿಗೆ ಕತ್ತಿ ಬೀಸಲೂ ಬಾರದು, ಅಕ್ಷರವೂ ಬಾರದು. ಅವೆರಡನ್ನೂ ಕಲಿಯುವ ಶ್ರಮವೇ ಆ ಆಟದ ಜೀವಾಳ. ಆದರೆ ಸೇಡು ತೀರುವ ಮೊದಲೇ ಕಥೆ ನಿಂತುಬಿಟ್ಟಿತು.

೨೦೨೫ರ ಫೆಬ್ರವರಿಯಲ್ಲಿ ಬಂದ ಎರಡನೆಯ ಭಾಗಕ್ಕೆ ಇದರಿಂದಲೇ ತೊಡಕು ಒದಗಿತು. ಎಲ್ಲವನ್ನೂ ಕಲಿತ ನಾಯಕನಿಗೆ ಇನ್ನು ಕಲಿಯಲು ಉಳಿದುದೇನು? ಕರ್ತೃಗಳು ಕಂಡುಕೊಂಡ ಉಪಾಯ ಹಳೆಯದಾದರೂ ಪ್ರಾಮಾಣಿಕವಾದುದು. ಹೆನ್ರಿಯು ತರುಣ ಪ್ರಭು ಹಾನ್ಸ್ ಕೇಪನನೊಡನೆ ಪತ್ರವೊಂದನ್ನು ಒಯ್ಯುತ್ತ ಟ್ರೋಸ್ಕಿ ಕೋಟೆಯತ್ತ ಹೊರಡುತ್ತಾನೆ. ದಾರಿಯಲ್ಲಿ ದರೋಡೆಕೋರರು ಮೇಲೆ ಬೀಳುತ್ತಾರೆ; ಸಂಗಡಿಗರು ಸಾಯುತ್ತಾರೆ, ಕವಚ ಕತ್ತಿಗಳು ಹೋಗುತ್ತವೆ. ಚಿಂದಿಯುಟ್ಟು ಬಂದವನು ಪ್ರಭುವೆಂದರೆ ಕೋಟೆಯ ಕಾವಲುಗಾರರು ನಂಬಿಯಾರೆ? ಹೀಗೆ ಹಳೆಯ ಆಟಗಾರನೂ ಹೊಸಬನೂ ಒಂದೇ ಹೊಸ್ತಿಲಲ್ಲಿ ನಿಲ್ಲುತ್ತಾರೆ.

ಮೊದಲ ಭಾಗದಲ್ಲಿ ಇಲ್ಲದ ಒಂದು ಭಾಗ್ಯ ಇಲ್ಲಿ ಹೆನ್ರಿಗೆ ದೊರೆತಿದೆ. ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಬಡಿದು ಅವನು ಆಯುಧ ಮಾಡಬಲ್ಲನು. ಕೊಂದವರನ್ನು ಅರಸುತ್ತ ಅಲೆಯುವ ಮಗನ ಕೈಗೆ ಸತ್ತ ತಂದೆಯ ಕಸುಬು ಮರಳಿ ಬರುವುದು ಸಣ್ಣ ಮಾತಲ್ಲ. ಬೆಳ್ಳಿಯ ಗಣಿಗಳಿಂದ ಸಿರಿವಂತವಾದ ಕುಟ್ಟೆನ್‌ಬರ್ಗ್ ಪಟ್ಟಣವೂ ಈ ಭಾಗದಲ್ಲಿ ಸೇರಿದೆ. ಇಂದಿನ ಚೆಕ್ ದೇಶದಲ್ಲಿ ಅದರ ಹೆಸರು ಕುಟ್ನಾ ಹೋರಾ.

ಈ ಲೋಕಕ್ಕೆ ನೆನಪುಂಟು. ಕದ್ದ ಬಟ್ಟೆಯನ್ನು ತೊಟ್ಟು ತಿರುಗಿದರೆ ಒಡೆಯನು ಗುರುತಿಸುತ್ತಾನೆ. ಮೈ ತೊಳೆಯದೆ ಹೋದರೆ ಜನ ಮೂಗು ಮುರಿಯುತ್ತಾರೆ. ಘೋರ ಅಪರಾಧಕ್ಕೆ ಬರೆಯ ಗುರುತೂ ಬೀಳುತ್ತದೆ. ಮಾಟಮಂತ್ರಗಳ ನೆರವಿಲ್ಲ. ಸೇಡಿಗಾಗಿ ಏನೇನು ಮಾಡಬಹುದು ಎಂಬ ಪ್ರಶ್ನೆಯನ್ನು ಆಟಗಾರನೇ ಹೊರಬೇಕು.

ಕುಂದುಗಳಿಲ್ಲವೆಂದಲ್ಲ. ಆರಂಭ ನಿಧಾನ, ಸಂಭಾಷಣೆಗಳು ದೀರ್ಘ, ಕತ್ತಿವರಸೆ ಬಹುಕಾಲ ಕೈಗೆ ಹತ್ತದು. ಕ್ಷಣದ ರೋಮಾಂಚನ ಬೇಕೆನ್ನುವವರು ಇದನ್ನು ಕೊಳ್ಳದಿರುವುದೇ ಲೇಸು. ತಾಳ್ಮೆಯುಳ್ಳವರು ಅವಶ್ಯವಾಗಿ ಆಡಬಹುದು. ಹಿಂದಿನ ಕಥೆಯ ಸುಳಿವು ಇಲ್ಲಿಯೇ ದೊರೆಯುವುದರಿಂದ ಹೊಸಬರಿಗೂ ದಾರಿ ತಪ್ಪದು. ಆದರೆ ಸ್ಕಾಲಿಟ್ಸಿನ ಹೊಗೆಯನ್ನು ಮೊದಲು ಕಂಡವನಿಗೆ ಸುತ್ತಿಗೆಯ ಪ್ರತಿಯೊಂದು ಪೆಟ್ಟೂ ಬೇರೆಯಾಗಿಯೇ ಕೇಳಿಸೀತು.